ಸವೆದ ಜಾಗ

ಎದುರಿಗೆ ನಾವೆಲ್ಲ ಅವರನ್ನು ‘ಸಾರ್’ ಎನ್ನುತ್ತಿದ್ದೆವು, ಬೆನ್ನ ಹಿಂದೆ ‘ಮೈಕ್ರಾನ್’. ಪೀಣ್ಯದಲ್ಲಿರುವ ನಮ್ಮ ಕಾರ್ಖಾನೆಯ ಟೂಲ್‌ರೂಮಿಗೆ ಅವರು ಫೋರ್‌ಮನ್ ಆಗಿದ್ದರು. ಒಂದು ತಲೆಗೂದಲನ್ನು ದಪ್ಪದಲ್ಲಿ ಎಪ್ಪತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು ಹೆಚ್ಚುಕಡಿಮೆ ಒಂದು ಮೈಕ್ರಾನ್. ಅಂಥ ಐದಾರು ಪಾಲು ವ್ಯತ್ಯಾಸ ಬಂದರೂ ಮಾಡಿದ ಕೆಲಸವನ್ನು ನಮ್ಮ ಮುಖದ ಮುಂದೆ ಹಿಡಿದು ವಾಪಸ್ ಕೊಡುತ್ತಿದ್ದರು. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಂಡಿರಲಿಲ್ಲ, ಸ್ವಲ್ಪ ಖುಷಿಯೇ ಆಗಿತ್ತೆಂದು ನನ್ನ ಅನುಮಾನ.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಶುರುವಿನಲ್ಲೇ ಹೇಳಿಬಿಡುತ್ತೇನೆ. ಇದು ವಿನಯದ ಮಾತಲ್ಲ. ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಕುಳ್ಳಗೆ, ತೆಳ್ಳಗೆ ಇದ್ದರು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಹೆಬ್ಬಾಳದ ಆಚೆಗಿದ್ದ ಹಳ್ಳಿಯೊಂದು ಅವರ ಊರು. ಈಗ ಆ ಜಾಗದಲ್ಲಿ ಫ್ಲೈಓವರಿನ ಕಾಲುಗಳು ನಿಂತಿವೆ. ಊರಿನ ಬಗ್ಗೆ ಕೇಳಿದರೆ, “ನಮ್ಮೂರಿನ ಮೇಲೇ ನೀವೆಲ್ಲ ಏರ್‌ಪೋರ್ಟಿಗೆ ಹೋಗೋದು” ಎನ್ನುತ್ತಿದ್ದರು. ಅಷ್ಟೇ. ಹಳೆಯದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ಜಾಯಮಾನ ಅವರದಲ್ಲ. ಯಾರನ್ನೂ ಹೊಗಳುವ ಜಾಯಮಾನವೂ ಅಲ್ಲ. ಕೆಲಸ ಸರಿಯಾಗಿದ್ದರೆ ಏನೂ ಹೇಳದೆ ಮುಂದಿನ ಡ್ರಾಯಿಂಗ್ ಕೊಡುತ್ತಿದ್ದರು. ಅವರ ಕೈಕೆಳಗೆ ಇಪ್ಪತ್ತೆಂಟು ವರ್ಷ ದುಡಿದ ನಾನು ಮುಂದಿನ ಡ್ರಾಯಿಂಗನ್ನೇ ಹೊಗಳಿಕೆ ಎಂದುಕೊಂಡು ಮನೆಗೆ ಹೋದದ್ದುಂಟು. ಯಾರಾದರೂ ಗಡಿಬಿಡಿ ಮಾಡಿದರೆ ಮಾತ್ರ ಬಾಯಿ ತೆರೆಯುತ್ತಿದ್ದರು: “ಅರ್ಜೆಂಟಿದ್ರೆ ಬಸ್ ಸ್ಟಾಪಲ್ಲಿ ತೋರ್ಸಯ್ಯ, ಇಲ್ಲಿ ಬೇಡ.”

ಟೂಲ್‌ರೂಮಿನಲ್ಲಿ ಅವರು ಎರಡು ಪದ್ಧತಿ ಇಟ್ಟಿದ್ದರು. ಬಾಗಿಲ ಪಕ್ಕ ಕೆಂಪು ಬಣ್ಣ ಬಳಿದ ಒಂದು ಮೇಜು. ಕೆಲಸ ಕೆಡಿಸಿದವನು ಕೆಟ್ಟ ತುಂಡನ್ನು ತಾನೇ ತಂದು ಅದರ ಮೇಲಿಟ್ಟು, ಪಕ್ಕದಲ್ಲಿ ಸೀಮೆಸುಣ್ಣದಿಂದ ತನ್ನ ಹೆಸರು ಬರೆಯಬೇಕು. ಒಂದು ವಾರ ಅದು ಅಲ್ಲೇ ಇರುತ್ತದೆ, ಹೋಗಿ ಬರುವವರೆಲ್ಲ ನೋಡುತ್ತಾರೆ. ಮ್ಯಾನೇಜರ್ ಬಂದು ಕೇಳಿದರೂ ಸಾರ್ ಯಾರ ತಪ್ಪನ್ನೂ ಮುಚ್ಚಿಟ್ಟವರಲ್ಲ. ಒಮ್ಮೆ ತಮ್ಮದೇ ಹೆಸರನ್ನೂ ಬರೆದು ವಾರವಿಡೀ ಅದರ ಮುಂದೆ ಓಡಾಡಿದ್ದರು. ಇನ್ನೊಂದು, ಸವೆದ ಗೇಜಿನದು. ಅಳತೆ ನೋಡುವ ಗೇಜು ಉಪಯೋಗಿಸಿ ಉಪಯೋಗಿಸಿ ಸವೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಆದರೆ ಸುಳ್ಳು ಹೇಳಲು ಶುರುಮಾಡುತ್ತದೆ. ಅಂಥದ್ದು ಸಿಕ್ಕಿದರೆ ನಮ್ಮನ್ನೆಲ್ಲ ಕರೆದು, ಎದುರಿಗೇ ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕುತ್ತಿದ್ದರು. “ಸವೆದಿದ್ದನ್ನ ಕರುಣೆಯಿಂದ ಇಟ್ಕೋಬೇಡಿ. ಇವತ್ತಲ್ಲ ನಾಳೆ ನಿಮ್ಮನ್ನ ಮುಳುಗಿಸುತ್ತೆ.” ಈ ಪಾಠ ನನಗೆ ಚೆನ್ನಾಗಿಯೇ ತಲೆಗೆ ಹತ್ತಿತ್ತು. ಮನೆಯಲ್ಲಿ ಸವೆದ ಚಪ್ಪಲಿ, ಬಿರುಕುಬಿಟ್ಟ ಲೋಟ ಕಂಡರೆ ನನಗೆ ಮೈ ಉರಿಯುತ್ತದೆ.

ಇಂಥ ಮನುಷ್ಯ ಗಿಟಾರ್ ನುಡಿಸುತ್ತಾರೆಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ವರ್ಷದ ಆಯುಧ ಪೂಜೆಯಲ್ಲಿ. ಆವತ್ತು ಮೆಷಿನುಗಳೆಲ್ಲ ತೊಳೆಸಿಕೊಂಡು, ವಿಭೂತಿ ಕುಂಕುಮ ಬಳಿಸಿಕೊಂಡು ಸುಮ್ಮನಿರುತ್ತವೆ. ವರ್ನಿಯರ್, ಮೈಕ್ರೋಮೀಟರುಗಳ ಸಾಲಿನಲ್ಲಿ ಒಂದು ದೊಡ್ಡ ಗಿಟಾರನ್ನೂ ಮಲಗಿಸಿದ್ದರು. ನಾವು ಮದುವೆ ಆರ್ಕೆಸ್ಟ್ರಾದಲ್ಲಿ ಕಾಣುವ ಚಪ್ಪಟೆ ಗಿಟಾರ್ ಅಲ್ಲ ಅದು. ಹೊಟ್ಟೆ ಪೂರ್ತಿ ಟೊಳ್ಳು, ಮುಂಭಾಗ ಪಿಟೀಲಿನ ಹಾಗೆ ಉಬ್ಬು, ಎರಡು ಕಡೆ ಪಿಟೀಲಿಗಿರುವಂಥದ್ದೇ ಬಳುಕಿದ ಕಿಂಡಿ. ಜೇನಿನ ಬಣ್ಣ. ಪೂಜಾರಿ ಎಲ್ಲ ಸಾಮಾನಿಗೂ ಇಟ್ಟ ಹಾಗೆ ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟರು. ವರ್ಷ ವರ್ಷ ಹೀಗೆ ಇಟ್ಟೂ ಇಟ್ಟೂ ತಂತಿಗಳ ಬುಡದ ಹತ್ತಿರ ಮರದಲ್ಲಿ ಒಂದು ನಸುಗೆಂಪು ಕಲೆ ಇಳಿದುಹೋಗಿತ್ತು.

ಪೂಜೆಯಾದ ಮೇಲೆ ನುಡಿಸುತ್ತಿದ್ದರು. ಮೊದಲು ನಮಗಾಗಿ ಎರಡು ಸಿನಿಮಾ ಹಾಡು. ಆಮೇಲೆ ತಮಗಾಗಿ ಜಾಝ್. ಅದು ಶುರುವಾದ ಕೂಡಲೇ ಅರ್ಧ ಜನ ಕಡ್ಲೆಪುರಿ ಪೊಟ್ಟಣದ ಕಡೆ ಹೊರಡುತ್ತಿದ್ದರು. ನಾನು ಮಾತ್ರ ಕೂರುತ್ತಿದ್ದೆ; ನಿಜ ಹೇಳಬೇಕೆಂದರೆ ಭಕ್ತಿಯಿಂದಲ್ಲ, ಭಯದಿಂದ. ಒಮ್ಮೆ ಧೈರ್ಯ ಮಾಡಿ ಕೇಳಿದೆ.

“ಸಾರ್, ಶುರುವಿನ ರಾಗ ಎಲ್ಲೋ ತಪ್ಪಿಸ್ಕೊಂಡು ಹೋಗ್ಬಿಡುತ್ತಲ್ಲ?”

“ದಾಸರಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದೇ ದಾರಿನಾ? ನಾನು ಯಶವಂತಪುರದ ಸಂದಿಯೊಳಗಿಂದ ಹೋಗ್ತಾ ಇದೀನಿ. ತಲುಪ್ತೀನಿ, ನೀನು ಸುಮ್ನೆ ಸೀಟಲ್ಲಿ ಕೂತಿರು.”

ಆಮೇಲಿಂದ ನಾನು ಸೀಟಿನಲ್ಲಿ ಕೂತೆ, ನಿಧಾನವಾಗಿ ದಾರಿ ಹಿಡಿಸತೊಡಗಿತು. ಭಾನುವಾರಗಳಲ್ಲಿ ಅಮೃತಹಳ್ಳಿಯಿಂದ ಎರಡು ಬಸ್ಸು ಬದಲಿಸಿ ದಾಸರಹಳ್ಳಿಯ ಅವರ ಮನೆಗೆ ಹೋಗುವುದು ರೂಢಿಯಾಯಿತು. ತುಮಕೂರು ರಸ್ತೆಯ ಹಿಂದಿನ ಸಂದಿಯಲ್ಲಿ ಎರಡು ಕೋಣೆಯ ಮನೆ. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಸಾರ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಗಿಟಾರನ್ನು ಅಪ್ಪಿ ಹಿಡಿದು ಕೂತರೆ ಬಲಗೈಯ ಮುಂಗೈ ಅದರ ಮೇಲಂಚಿನ ಒಂದೇ ಜಾಗದಲ್ಲಿ ಕೂರುತ್ತಿತ್ತು. ಅಲ್ಲಿ ಅಂಗೈಯಗಲ ವಾರ್ನಿಶ್ ಹೋಗಿ, ಬರಿಯ ಮರ ಕಾಣುತ್ತಿತ್ತು, ಮುಟ್ಟಿದರೆ ಹಳೆಯ ಲಟ್ಟಣಿಗೆಯಷ್ಟು ನುಣುಪು. ಅಂಗಿಗಳೆಲ್ಲ ಬಲತೋಳಿನ ಅದೇ ಜಾಗದಲ್ಲಿ ಹರಿಯುತ್ತಿದ್ದವು. ಅಕ್ಕ ತೇಪೆ ಹಾಕುತ್ತಾ, “ಗಿಟಾರು ಅಂಗಿ ತಿಂತದೆ, ಅಂಗಿ ಗಿಟಾರು ತಿಂತದೆ, ಇಬ್ರಿಗೂ ನಾನು ಒಲೀಬೇಕು” ಎಂದು ಗೊಣಗುತ್ತಿದ್ದರು. ಅಕ್ಕ ಯಲಹಂಕದ ಆಚೆಯ ಹಳ್ಳಿಯವರು, ಹಕಾರ ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ.

ಆ ಗಿಟಾರ್ ಬಂದ ಕತೆಯನ್ನು ಅವರೇ ಒಂದು ಭಾನುವಾರ ಹೇಳಿದ್ದರು. ಮದುವೆಗೆ ಮುಂಚಿನ ಮಾತು. ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟ್ ಕಡೆಯ ಹೋಟೆಲೊಂದರಲ್ಲಿ ಬ್ಯಾಂಡ್ ನುಡಿಸುತ್ತಿದ್ದ ಮುದುಕರೊಬ್ಬರ ಗಿಟಾರಿನ ತಂತಿ ಬಿಗಿಯುವ ಕಿವಿ ಮುರಿದಿತ್ತಂತೆ. ಹೊರದೇಶದ ಸಾಮಾನು, ಬಿಡಿಭಾಗ ಎಲ್ಲೂ ಸಿಗದು. ಇವರು ಹಿತ್ತಾಳೆಯಲ್ಲಿ ಅಂಥದ್ದೇ ಒಂದನ್ನು ಕಡೆದುಕೊಟ್ಟರು. ಸರಿಹೋಯಿತೇ ಎಂದು ನೋಡಲು ಮುದುಕರು ನುಡಿಸಿದ್ದನ್ನು ಕೇಳಿ ಇವರು ಅಲ್ಲೇ ಕೂತುಬಿಟ್ಟರು. ಕೆಲವು ವರ್ಷದ ಮೇಲೆ ಮುದುಕರು ಮುಂದಿನ ವರ್ಷ ವಿದೇಶದ ಮಗಳ ಮನೆಗೆ ಹೋಗುವುದೆಂದಾದಾಗ, ಗಿಟಾರ್ ನನಗೆ ಕೊಡಿ ಎಂದು ಇವರು ಕೇಳಿದರು. ಬಿಟ್ಟಿ ಕೊಡುವುದಿಲ್ಲ, ಮಾರುತ್ತೇನೆ, ಅದೂ ಎದುರಿಗೆ ಕೂತು ನುಡಿಸಿ ತೋರಿಸಿದರೆ ಮಾತ್ರ ಎಂದರಂತೆ ಮುದುಕರು. ಇವರು ಯಾರದೋ ಗಿಟಾರಿನಲ್ಲಿ ಒಂದು ವರ್ಷ ಬೆರಳು ಬೊಬ್ಬೆ ಬರಿಸಿಕೊಂಡು ಹೋಗಿ ನುಡಿಸಿದರು. “ನೋಡಯ್ಯ, ಇದನ್ನ ನುಡಿಸೋರಿಗೇ ಮಾರ್ಬೇಕು. ಇದೊಂದು ನನ್ನ ತಲೆ ಮೇಲಿರೋ ಕೆಲಸ” ಎಂದು ಹೇಳಿ ಮತ್ತೆ ನುಡಿಸಲು ಶುರುಮಾಡಿದ್ದರು.

ನಿವೃತ್ತಿಯಾದ ಎರಡನೆಯ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ಎಡಗೈ ಹೋಯಿತು. ತಂತಿ ಒತ್ತುವ ಕೈ ಅದು. ಒಂದೂವರೆ ವರ್ಷ ವ್ಯಾಯಾಮ, ಎಣ್ಣೆ, ಕರೆಂಟು ಕೊಡಿಸುವುದು ಎಲ್ಲ ಆಯಿತು. ನಾನು ಹೋದಾಗಲೆಲ್ಲ ಅದೇ ಕುರ್ಚಿಯಲ್ಲಿ ಗಿಟಾರ್ ಅಪ್ಪಿ ಕೂತಿರುತ್ತಿದ್ದರು. ಎಡಗೈ ತೊಡೆಯ ಮೇಲೆ ಬಿದ್ದಿರುತ್ತಿತ್ತು, ಬಲಗೈ ತನ್ನ ಜಾಗದಲ್ಲಿ ಕೂತು ಖಾಲಿ ತಂತಿಗಳನ್ನು ಮೀಟುತ್ತಿತ್ತು. ಆರು ತಂತಿ, ಆರೇ ಸ್ವರ. ಕೇಳಲಾಗದೆ ನಾನು ಅಡುಗೆಮನೆಗೆ ಹೋಗಿ ಅಕ್ಕನ ಜೊತೆ ಏನಾದರೂ ಮಾತಾಡುತ್ತಿದ್ದೆ.

ಹೋದ ವರ್ಷ ಒಂದು ದಿನ, “ಮಾರ್ಬಿಡೋಣ ಕಣಯ್ಯ” ಎಂದರು. “ನಾನಿರೋವಾಗ್ಲೇ ಹೋಗ್ಲಿ. ಯಾರ ಕೈಗೆ ಹೋಯ್ತು ಅಂತ ನೋಡ್ಬೇಕು. ನಾನು ಹೋದ್ಮೇಲೆ ಇವಳು ಪಾಪ ಯಾರಿಗೆ ಅಂತ ಕೊಡ್ತಾಳೆ?”

ತಿಂಗಳುಗಟ್ಟಲೆ ಜನ ಬಂದರು. ಒಬ್ಬ ವಿಡಿಯೊ ಮಾಡಿಕೊಂಡು ಹೋದ. ಇನ್ನೊಬ್ಬ ಚೌಕಾಸಿ ಮಾಡಿದ, ನುಡಿಸಯ್ಯ ಎಂದರೆ ಮಗನಿಗೆ ಎಂದ. ಅವರು ಎಲ್ಲರನ್ನೂ ಸಾಗಹಾಕಿದರು. ಕೊನೆಗೆ ವಿದ್ಯಾರಣ್ಯಪುರದ ಒಬ್ಬ ಹುಡುಗಿ ಬಂದಳಂತೆ. ಗಿಟಾರ್ ಕಲಿಸುತ್ತಾಳೆ, ತಾನೂ ನುಡಿಸುತ್ತಾಳೆ. ನಾನು ಆವತ್ತು ಇರಲಿಲ್ಲ. ಒಂದು ಗಂಟೆ ನುಡಿಸಿದಳಂತೆ, ಇವರು ಕಣ್ಣು ಮುಚ್ಚಿ ಕೇಳಿದರಂತೆ, ಮುಂದಿನ ಭಾನುವಾರ ಬಂದು ತೆಗೆದುಕೊಂಡು ಹೋಗುವುದೆಂದು ಮಾತಾಯಿತಂತೆ. ನನಗೆ ಫೋನಿನಲ್ಲಿ ಹೇಳುವಾಗ ಅವರ ದನಿ ಕಾಯಿಲೆಗೆ ಮುಂಚಿನ ಹಾಗಿತ್ತು. “ಯಶವಂತಪುರದ ಸಂದಿ ಎಲ್ಲಾ ಗೊತ್ತು ಕಣಯ್ಯ ಆ ಹುಡುಗಿಗೆ.”

ಆಮೇಲೆ ನನಗೊಂದು ಕೆಲಸ ಹೇಳಿದರು. ಹೊಸ ತಂತಿ ಹಾಕಬೇಕು, ತಲೆಯ ಹತ್ತಿರ ಒಂದು ಸ್ಕ್ರೂ ಸಡಿಲವಾಗಿದೆ, ಬಿಗಿ ಮಾಡಬೇಕು, ನನ್ನ ಕೈಯಲ್ಲಾಗದು ಎಂದರು. ಅಷ್ಟೇ. ತಂತಿ ಮತ್ತು ಸ್ಕ್ರೂ.

ನಾನು ಗಿಟಾರನ್ನು ಪೀಣ್ಯದ ಗೆಳೆಯನೊಬ್ಬನ ವರ್ಕ್‌ಶಾಪಿಗೆ ತಂದು ಟ್ಯೂಬ್‌ಲೈಟಿನ ಕೆಳಗೆ ಮಲಗಿಸಿದೆ. ಮೊದಲ ಸಲ ಅದನ್ನು ಕೆಲಸಗಾರನ ಕಣ್ಣಿಂದ ನೋಡಿದೆ. ಮೇಲಂಚಿನಲ್ಲಿ ವಾರ್ನಿಶ್ ಇಲ್ಲ. ಬೆನ್ನಿನ ತುಂಬ ಬೆಲ್ಟಿನ ಬಕಲ್ ಗೀಚಿದ ಗೆರೆ. ಕುಂಕುಮದ ಕಲೆ. ಕುತ್ತಿಗೆ ಒಂಚೂರು ಬಾಗಿದೆ. ಕುತ್ತಿಗೆಯ ಮೇಲಿನ ಲೋಹದ ಗೆರೆಗಳಲ್ಲಿ, ಅವರ ಬೆರಳು ಒತ್ತಿದಲ್ಲೆಲ್ಲ, ತಂತಿ ಕೊರೆದ ಗುಂಡಿ. ಡಯಲ್ ಗೇಜ್ ಇಟ್ಟು ನೋಡಿದೆ, ನಗಬೇಡಿ, ನೂರಕ್ಕೂ ಹೆಚ್ಚು ಮೈಕ್ರಾನ್ ವ್ಯತ್ಯಾಸ. ನನ್ನ ಗುರುವಿನ ವಸ್ತು ಈ ಸ್ಥಿತಿಯಲ್ಲಿ ಬೇರೆಯವರ ಮನೆಗೆ ಹೋಗಬೇಕೇ? ಪಾಪ, ಕೈ ಬಿದ್ದಮೇಲೆ ಅವರಿಗೆ ಇದನ್ನೆಲ್ಲ ಸರಿಮಾಡಲು ಆಗಿಲ್ಲ, ಹೇಳಲು ಸಂಕೋಚಪಟ್ಟಿದ್ದಾರೆ ಎಂದುಕೊಂಡೆ. ಇಪ್ಪತ್ತೆಂಟು ವರ್ಷದಲ್ಲಿ ಅವರಿಗೆ ನಾನೇನೂ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ ಎಂದು ನಾಲ್ಕು ದಿನ ರಜೆ ಹಾಕಿದೆ.

ಎಮರಿ ಪೇಪರಿನಿಂದ ಹಳೆಯ ವಾರ್ನಿಶ್ ಪೂರ್ತಿ ತೆಗೆದೆ. ಕುಂಕುಮದ ಕಲೆ ಆಳಕ್ಕಿಳಿದಿತ್ತು, ಹಠಹಿಡಿದು ಉಜ್ಜಿದೆ. ಗೀಚುಗಳನ್ನು ತುಂಬಿದೆ. ಕುತ್ತಿಗೆಯ ಬಾಗು ತೆಗೆದು ನೆಟ್ಟಗೆ ಮಾಡಿದೆ. ಲೋಹದ ಗೆರೆಗಳನ್ನು ಕಲ್ಲಿನಲ್ಲಿ ಉಜ್ಜಿ ಎಲ್ಲವನ್ನೂ ಒಂದೇ ಮಟ್ಟಕ್ಕೆ, ಐದು ಮೈಕ್ರಾನಿನೊಳಗೆ ತಂದೆ. ಕಾರಿಗೆ ಬಣ್ಣ ಹೊಡೆಯುವವನ ಹತ್ತಿರ ಕೂತು ಮೂರು ಸಲ ಲ್ಯಾಕರ್ ಹೊಡೆಸಿ, ಬಫ್ ಮಾಡಿದೆ. ಮುಖ ನೋಡಿಕೊಳ್ಳಬಹುದಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿಲ್ಲ. ಮಾಡುವಷ್ಟು ಹೊತ್ತೂ ನಾನು ಸುಖವಾಗಿದ್ದೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಶನಿವಾರ ಸಂಜೆ ತೆಗೆದುಕೊಂಡು ಹೋದೆ. ಪೆಟ್ಟಿಗೆ ತೆರೆದಾಗ ಅಕ್ಕ, “ಅಯ್ಯೋ, ಒಸಾದೇ ಆಗೋಯ್ತಲ್ಲಪ್ಪ!” ಎಂದು ಕೆನ್ನೆ ಮುಟ್ಟಿಕೊಂಡರು. ಸಾರ್ ಅದನ್ನು ತೊಡೆಯ ಮೇಲೆ ಇಡಿಸಿಕೊಂಡರು. ಬಲಗೈ ಮೇಲಂಚಿಗೆ ಹೋಯಿತು, ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ತಂತಿಯ ಬುಡದಲ್ಲಿ ಹೆಬ್ಬೆರಳಿನಿಂದ ಏನನ್ನೋ ಹುಡುಕಿದರು. ಗಿಟಾರನ್ನು ತಿರುಗಿಸಿ ಬೆನ್ನು ನೋಡಿದರು. ನಾನು ಎದುರಿಗೆ ಕೂತು, ಪರೀಕ್ಷೆ ಬರೆದವನ ಹಾಗೆ ಕಾಯುತ್ತಿದ್ದೆ. ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು.

“ಕೆಲಸ ಚೆನ್ನಾಗಿದೆ ಕಣಯ್ಯ” ಎಂದರು.

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಬಸ್ಸಿನಲ್ಲಿ ನಿಂತುಕೊಂಡು ಅಮೃತಹಳ್ಳಿಯವರೆಗೂ ನಾನು ಒಬ್ಬನೇ ನಗುತ್ತಾ ಬಂದೆ. ಮನೆಯಲ್ಲಿ ಎಲ್ಲರಿಗೂ ಹೇಳಿದೆ.

ಮರುದಿನ ಹುಡುಗಿ ಬರುವಾಗ ನಾನೂ ಅಲ್ಲಿದ್ದೆ. ನನ್ನ ಕೆಲಸ ನೋಡಿ ಅವಳು ಏನೆನ್ನುತ್ತಾಳೆಂದು ಕೇಳುವ ಆಸೆ, ಅದಕ್ಕೇ ಹೋಗಿದ್ದೆ. ಅವಳು ಪೆಟ್ಟಿಗೆ ತೆರೆದು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು.

“ಸಾರ್, ಇದು ಆವತ್ತು ನೋಡಿದ್ದು ಅಲ್ವಲ್ಲ?”

“ಅದೇ ಕಣಮ್ಮ. ನುಡಿಸು” ಎಂದರು ಅವರು.

ನುಡಿಸಿದಳು. ಜಾಝಿನ ಗಂಧ ಗಾಳಿ ಇಲ್ಲದ ನನಗೂ ತಿಳಿಯಿತು. ಇಷ್ಟು ವರ್ಷ ಆ ಕೋಣೆಯಲ್ಲಿ ನಾನು ಕೇಳಿದ ದನಿ ಅದಲ್ಲ. ಮೂಗು ಕಟ್ಟಿದವರು ಹಾಡಿದ ಹಾಗಿತ್ತು. ಕೆಲವು ಕಡೆ ತಂತಿ ಲೋಹಕ್ಕೆ ತಾಗಿ ಝರ್ ಎಂದಿತು. ಅವಳು ಅರ್ಧಕ್ಕೇ ನಿಲ್ಲಿಸಿ, ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಒಳ್ಳೆಯ ಹುಡುಗಿ, ಯಾರನ್ನೂ ನೋಯಿಸಬಾರದೆಂದು ನೆಲ ನೋಡಿಕೊಂಡು ಹೇಳಿದಳು: “ಈ ನೆಕ್‌ಗೆ ಸ್ವಲ್ಪ ಬೆಂಡ್ ಇರ್ಬೇಕು ಸಾರ್, ತಂತಿ ಆಡೋಕೆ ಜಾಗ ಬೇಕಲ್ವಾ. ಮುಂದೆ ಮರ ತುಂಬಾ ಉಜ್ಜಿದಾರೆ, ಮೇಲೆ ದಪ್ಪ ಕೋಟಿಂಗ್ ಬೇರೆ. ಸೌಂಡ್ ಒಳಗೇ ಉಳ್ಕೊಂಡಿದೆ. ಯಾರ್ ಸಾರ್ ಮಾಡಿದ್ದು ಇದನ್ನ?”

ಬಾಯಿ ತೆರೆಯಬೇಕಾದವನು ನಾನು. ತೆರೆಯಲಿಲ್ಲ.

“ನಾನೇ ಮಾಡಿಸ್ದೆ ಕಣಮ್ಮ” ಎಂದರು ಅವರು. “ನೀಟಾಗಿ ಕೊಡೋಣ ಅಂತ. ವಯಸ್ಸಾಯ್ತಲ್ಲ, ಬುದ್ಧಿ ಕೆಲಸ ಮಾಡಲ್ಲ.”

ಯಾರ ತಪ್ಪನ್ನೂ ಎಂದೂ ಮುಚ್ಚಿಡದ ಮನುಷ್ಯ ನನ್ನ ಎದುರಿಗೆ, ನನಗಾಗಿ, ಮಗಳ ವಯಸ್ಸಿನ ಹುಡುಗಿಯ ಮುಂದೆ ಸುಳ್ಳು ಹೇಳಿದರು. ಅವಳು ಕ್ಷಮಿಸಿ ಸಾರ್ ಎಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಗಿಟಾರ್ ಉಳಿಯಿತು. ಅಕ್ಕ ಏನೂ ಅರ್ಥವಾಗದೆ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ. “ಸಾರ್, ಬಯ್ರಿ ನನಗೆ. ಹೊಡೀರಿ ಬೇಕಾದ್ರೆ.”

“ಏನಂತ ಬಯ್ಯಲಿ? ನಾನು ಕಲಿಸಿದ್ದನ್ನೇ ತಾನೆ ಮಾಡಿರೋದು ನೀನು” ಎಂದರು. “ಮನೆಗೆ ಹೋಗಯ್ಯ ಇವತ್ತು. ಆಮೇಲೆ ಬಾ” ಎಂದರು.

ಅವರು ಕೋಪ ಮಾಡಿಕೊಂಡಿದ್ದರೆ ಎಂದು ಈಗಲೂ ಹಂಬಲಿಸುತ್ತೇನೆ. ಗಿಟಾರ್ ರಿಪೇರಿಯವರನ್ನು ಹುಡುಕಿಕೊಂಡು ಊರೆಲ್ಲ ಅಲೆದೆ. ಲೋಹದ ಗೆರೆ ಬದಲಿಸಬಹುದು, ಕುತ್ತಿಗೆ ಬಾಗಿಸಬಹುದು, ಉಜ್ಜಿ ಪುಡಿಮಾಡಿದ ಮರವನ್ನು ಎಲ್ಲಿಂದ ತರುವುದು ಎಂದರು. ನನಗೂ ಗೊತ್ತಿದ್ದ ವಿಷಯವೇ. ಕಡಿಮೆ ತೆಗೆದಿದ್ದರೆ ಇನ್ನಷ್ಟು ತೆಗೆಯಬಹುದು, ತೆಗೆದದ್ದನ್ನು ಮತ್ತೆ ಹಚ್ಚಲು ಯಾವ ಮೆಷಿನೂ ಇಲ್ಲ. ಆಮೇಲೆ ನಾನು ಹೋದಾಗಲೆಲ್ಲ ಅವರು ಕಾರ್ಖಾನೆ ಬಗ್ಗೆ, ಮೆಟ್ರೋ ಬಗ್ಗೆ ಮಾತಾಡುತ್ತಿದ್ದರು. ಗಿಟಾರ್ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಮಂಚದ ಕೆಳಗೆ. ಖಾಲಿ ತಂತಿ ಮೀಟುವುದನ್ನೂ ನಿಲ್ಲಿಸಿಬಿಟ್ಟಿದ್ದರು. ಕೈ ಜಾರುತ್ತದೆ ಅಂತಾರೆ ಎಂದು ಅಕ್ಕ ಒಂದು ದಿನ ಸಹಜವಾಗಿ ಹೇಳಿದರು, ನನ್ನನ್ನು ಚುಚ್ಚಲು ಅಲ್ಲ. ಮಳೆಗಾಲದಲ್ಲಿ ಎರಡನೆಯ ಸಲ ಹೊಡೆಯಿತು. ಎರಡೇ ದಿನ.

ಅಕ್ಕ ತಮ್ಮನ ಮನೆಗೆ ಹೊರಟರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಮಂಚದ ಜಾಗ. “ಇದನ್ನ ನೀನೇ ಎಲ್ಲಾದ್ರೂ ಮಾರಿಕೊಡಪ್ಪ” ಎಂದರು. ವಿದ್ಯಾರಣ್ಯಪುರದ ಹುಡುಗಿಗೆ ಫೋನ್ ಮಾಡಿ, ಮಾಡಿದವನು ನಾನೇ ಎಂದು ಈಗಲಾದರೂ ಹೇಳಿ, ತೆಗೆದುಕೊಳ್ಳಮ್ಮ ಎಂದು ಕೇಳಿಕೊಂಡೆ. “ಗೊತ್ತಿತ್ತು ಅಂಕಲ್, ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿತ್ತು” ಎಂದಳು. ಅವಳು ಬೇರೆ ಗಿಟಾರ್ ಕೊಂಡಿದ್ದಳು. ನುಡಿಸುವವರು ಇನ್ನೂ ಇಬ್ಬರು ಬಂದು ತಂತಿ ಮೀಟಿ, ತಲೆಯಾಡಿಸಿ ಹೋದರು. ಕೊನೆಗೆ ಅದನ್ನು ಒಪ್ಪಿದವನು ಸಹಕಾರನಗರದಲ್ಲಿ ಹೊಸದಾಗಿ ಕೆಫೆ ತೆರೆದ ಯುವಕ. ಗೋಡೆಗೆ ಬೇಕಾಗಿತ್ತು ಅವನಿಗೆ. ಅಕ್ಕನಿಗೆ ದುಡ್ಡು ಬೇಕಿತ್ತು, ಕೊಟ್ಟುಬಿಟ್ಟೆ. ಅದನ್ನು ಗೋಡೆಗೆ ನೇತುಹಾಕಲು ಒಬ್ಬರು ಕೆಲಸ ಬಲ್ಲವರು ಬೇಕೆಂದಾಗ ಡ್ರಿಲ್ ತಂದು ಹಾಕಿಕೊಟ್ಟವನೂ ನಾನೇ.

ಹೋದ ವಾರ ಅಲ್ಲಿಗೆ ಹೋಗಿ ಒಂದು ಕಾಫಿ ತೆಗೆದುಕೊಂಡು ಗಿಟಾರಿನ ಕೆಳಗಿನ ಮೇಜಿನಲ್ಲಿ ಕೂತೆ. ಪಕ್ಕದ ಮೇಜಿನ ಕಾಲೇಜು ಹುಡುಗಿಯರಿಬ್ಬರು ಗಿಟಾರಿನ ಮುಂದೆ ನಿಂತು ಫೋಟೊ ತೆಗೆದುಕೊಂಡರು. ಒಬ್ಬಳು ಕೆಫೆಯವನನ್ನು ಕೇಳಿದಳು, ಇದನ್ನು ಯಾರಾದರೂ ನುಡಿಸುತ್ತಾರಾ ಎಂದು. ಅವನು ಇಲ್ಲ, ಹೊಸದು, ಡೆಕೊರೇಷನ್‌ಗೆ ಎಂದ. ಮಾರುವಾಗ ಯಾರದೆಂದು ಅವನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೆ ಆಗ ನನಗೆ ತಡೆಯಲಾಗಲಿಲ್ಲ.

“ಹೊಸದಲ್ಲಮ್ಮ. ಒಬ್ಬರು ಮೂವತ್ತೆಂಟು ವರ್ಷ ನುಡಿಸಿದ ಗಿಟಾರು ಅದು.”

ಹುಡುಗಿ ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ, ಮೇಲಿಂದ ಕೆಳಗಿನವರೆಗೆ, ನಿಜವಾಗಿಯೂ ಹುಡುಕುವವಳ ಹಾಗೆ ನೋಡಿದಳು.

“ಹೌದಾ ಅಂಕಲ್?” ಎಂದಳು. “ಗೊತ್ತೇ ಆಗಲ್ಲ.”